ಗೊತ್ತಿಲ್ಲದ ಕಡೆ ತುಂಡು ಗೆರೆ

ಗಣಿಯ ನಕಾಶೆ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ: ನನ್ನ ಇಡೀ ನೌಕರಿಯಲ್ಲಿ ನಾನು ಗಣಿಯ ಒಳಗೆ ಒಮ್ಮೆಯೂ ಇಳಿದವಳಲ್ಲ. ಗ್ಯಾಲರಿ, ಪಿಲ್ಲರ್, ಗೋಫ್, ಬ್ಯಾರಿಯರ್ ಎಂಬ ಮಾತುಗಳನ್ನು ಮಸಿಯಲ್ಲಿ ಬರೆದೂ ಬರೆದೂ ಬೆರಳು ಸವೆಯಿತು. ಆದರೆ ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಾಣಲಿಲ್ಲ. ಹೆಂಗಸರು ನೆಲದಡಿಯ ಗಣಿಗೆ ಇಳಿಯಬಾರದೆಂದು ಆಗ ಕಾನೂನೇ ಇತ್ತು. ಇಳಿದು ನೋಡುವ ಆಸೆ ನನಗೆ ಬಹಳ ಇತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮದು ಹೈದರಾಬಾದಿನ ನಾಚಾರಂನ ಒಂದು ಖಾಸಗಿ ನಕಾಶೆ ಕಚೇರಿ. ಗಣಿಗಳವರು ಕಳಿಸಿದ ಸರ್ವೆಯನ್ನು ನಾವು ಬಟ್ಟೆಯ ಮೇಲೆ ಚೊಕ್ಕವಾಗಿ ಬರೆದು ಕೊಡಬೇಕು. ಕಚೇರಿ ಮೇಲಿನ ಅಂತಸ್ತಿನಲ್ಲಿ, ಕೆಳಗೆ ತಗಡು ಒತ್ತುವ ಕಾರ್ಖಾನೆ. ಅದರ ಪ್ರೆಸ್ ಒಮ್ಮೆ ಧಡ್ ಎಂದರೆ ನಮ್ಮ ಟೇಬಲ್ಲು ಅದುರುತ್ತಿತ್ತು. ಹಾಗಾಗಿ ಎರಡು ಏಟುಗಳ ನಡುವಿನ ಬಿಡುವಿನಲ್ಲಿ ಉಸಿರು ಬಿಗಿಹಿಡಿದು ಗೆರೆ ಎಳೆಯುವುದನ್ನು ನಾವೆಲ್ಲ ಕಲಿತಿದ್ದೆವು. ಈಗಲೂ ನಾನು ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಹೆಡ್ ಡ್ರಾಫ್ಟ್ಸ್‌ಮನ್ ಬಸವಂತಪ್ಪನವರು ಲಿಂಗಸೂಗೂರು ಕಡೆಯವರು. ನಮ್ಮ ತಂದೆ ರಾಯಚೂರಿನಿಂದ ನೌಕರಿಗೆಂದು ಹೈದರಾಬಾದಿಗೆ ಬಂದು ಇಲ್ಲೇ ಉಳಿದವರು. ಆದ್ದರಿಂದ ಸಂದರ್ಶನದಲ್ಲಿ ಅವರ ಬಾಯಲ್ಲಿ ನಮ್ಮ ಮನೆಯ ಮಾತು ಕೇಳಿದಾಗ ನನಗೆ ಜೀವ ಬಂದಂತಾಯಿತು. ಆ ಸಂದರ್ಶನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಸುಮಂಗಲಾ, ನಿನಗ ಗೊತ್ತಿಲ್ಲದ್ದನ್ನ ಯಾರರ ಕೇಳಿದ್ರ ಏನಂತೀ?"

"ಗೊತ್ತಿಲ್ಲ ಅಂತೀನ್ರಿ."

"ಭಾಳ ಮಂದಿ ಹಂಗ ಅನ್ನೂದಿಲ್ಲವಾ. ನಾಳಿಂದ ಬಾ."

ಕೆಲಸ ಸಿಕ್ಕ ಸಂತೋಷದಲ್ಲಿ ಆ ಪ್ರಶ್ನೆಯ ಕಡೆ ನಾನು ಗಮನವನ್ನೇ ಕೊಡಲಿಲ್ಲ.

ಮಾತುಗಳನ್ನು ಕಲಿಸುವುದರಲ್ಲಿ ಬಸವಂತಪ್ಪನವರಿಗೆ ಅವರದೇ ಒಂದು ರೀತಿ ಇತ್ತು. ಪುಸ್ತಕ ತೆಗೆದು ಅರ್ಥ ಓದುವವರಲ್ಲ. ಡಿಪ್ ಎಂದರೇನು, ಸ್ಟ್ರೈಕ್ ಎಂದರೇನು ಎಂದು ಕೇಳಿದರೆ ನೇರ ಬಚ್ಚಲಿಗೆ ಕರೆದೊಯ್ದು, ನೀರು ತುಂಬಿದ ಬಕೀಟಿನಲ್ಲಿ ಬರೆಯುವ ಹಲಗೆಯನ್ನು ಓರೆಯಾಗಿ ಅದ್ದುತ್ತಿದ್ದರು. ಹಲಗೆಗೆ ನೀರಿನ ಮಟ್ಟ ತಾಕಿದ ಗೆರೆ ಸ್ಟ್ರೈಕ್. ಹಲಗೆಯ ಮೇಲೆ ಹನಿ ಬಿಟ್ಟರೆ ಅದು ಇಳಿದು ಹೋಗುವ ದಿಕ್ಕು ಡಿಪ್. ಕಲ್ಲಿದ್ದಲಿನ ಪದರವೂ ಹಾಗೆಯೇ ನೆಲದೊಳಗೆ ಓರೆಯಾಗಿ ಮಲಗಿರುತ್ತದೆ, ಅಷ್ಟೇ. ಒಮ್ಮೆ ನಾನು ಡಿಪ್‌ನ ಬಾಣವನ್ನು ತಲೆಕೆಳಗು ಬರೆದಿದ್ದೆ. ಅವರು ಬೈಯಲಿಲ್ಲ. ನಕಾಶೆಯನ್ನು ಗೋಡೆಗೆ ಆನಿಸಿ, ಒಂದು ಲೋಟ ನೀರು ನನ್ನ ಕೈಗೆ ಕೊಟ್ಟು, "ಹಾಕು, ಮ್ಯಾಲ ಏರತೈತೇನು ನೋಡೂಣು" ಅಂದರು. ಇಡೀ ಕಚೇರಿ ನಕ್ಕಿತು. ಆಮೇಲೆ ನನ್ನ ಬಾಣ ಎಂದೂ ತಪ್ಪಲಿಲ್ಲ.

ಪಿಲ್ಲರ್ ಎಂದರೆ ಮೇಲಿನ ಮಾಡನ್ನು ಹೊತ್ತು ನಿಲ್ಲಲೆಂದು ಕತ್ತರಿಸದೆ ಬಿಟ್ಟ ಕಲ್ಲಿದ್ದಲಿನ ಚೌಕ. ಗ್ಯಾಲರಿ ಎಂದರೆ ಆ ಚೌಕಗಳ ನಡುವಿನ ಓಣಿ. ಗೋಫ್ ಎಂದರೆ ಕಲ್ಲಿದ್ದಲನ್ನೆಲ್ಲ ತೆಗೆದು, ಕುಸಿದರೆ ಕುಸಿಯಲಿ ಎಂದು ಬಿಟ್ಟು ಬಂದ ಜಾಗ. ಬ್ಯಾರಿಯರ್ ಎಂದರೆ ಹಳೆಯ ಗಣಿಗೂ ಹೊಸ ಗಣಿಗೂ ನಡುವೆ ಯಾರೂ ಮುಟ್ಟಬಾರದೆಂದು ಉಳಿಸಿದ ಗೋಡೆ. ಹಳೆಯ ಗಣಿಯನ್ನು ಬಿಟ್ಟುಹೋದ ಮೇಲೆ ಅದರಲ್ಲಿ ನೀರು ತುಂಬುತ್ತದೆ. ಆ ಗೋಡೆಯನ್ನು ತಿಳಿಯದೆ ಒಡೆದರೆ ನೀರು ಒಮ್ಮೆಲೇ ನುಗ್ಗುತ್ತದೆ, ಒಳಗಿದ್ದವರು ಹೊರಗೆ ಬರುವುದಿಲ್ಲ. ಇದನ್ನು ಹೇಳುವಾಗ ಮಾತ್ರ ಬಸವಂತಪ್ಪನವರು ಬಕೀಟು ತರುತ್ತಿರಲಿಲ್ಲ.

ಇನ್ನು ಗೆರೆಗಳ ವಿಚಾರ. ಅಳೆದು ಖಾತ್ರಿಯಾದದ್ದಕ್ಕೆ ಇಡೀ ಗೆರೆ. ಅಂದಾಜಿನದಕ್ಕೆ ತುಂಡು ಗೆರೆ. ಹಳೆಯ ಗಣಿಯ ಅಂಚು ಎಲ್ಲಿದೆಯೆಂದು ನಿಕ್ಕಿಯಾಗಿ ಗೊತ್ತಿಲ್ಲದಿದ್ದರೆ ಅಲ್ಲಿ ತುಂಡು ಗೆರೆಯನ್ನೇ ಎಳೆಯಬೇಕು. ಆ ತುಂಡು ಗೆರೆಯನ್ನು ಕಂಡರೆ ಗಣಿಯವರು ಬಹಳ ದೂರದಿಂದಲೇ ಮುಂದಕ್ಕೆ ತೂತು ಕೊರೆದು ನೀರಿದೆಯೇ ಎಂದು ನೋಡುತ್ತಾ ನಿಧಾನವಾಗಿ ಸಾಗುತ್ತಾರೆ. ಇಡೀ ಗೆರೆ ಕಂಡರೆ ಅದನ್ನು ನಂಬಿ ಹತ್ತಿರದವರೆಗೂ ನಡೆದೇ ಹೋಗುತ್ತಾರೆ. ಈಗ ನೀವು ಕಂಪ್ಯೂಟರಿನಲ್ಲಿ ಪಟ್ಟಿಯಿಂದ ಗೆರೆ ಆರಿಸುತ್ತೀರಿ. ಆರಿಸುವಾಗ ಇದು ಚಂದಕ್ಕಲ್ಲ ಎಂಬುದು ನೆನಪಿರಲಿ.

ಒಮ್ಮೆ ನಮ್ಮನ್ನೆಲ್ಲ ಒಂದು ಗಣಿ ನೋಡಲು ಕರೆದೊಯ್ದರು. ಗಂಡಸರು ಟೋಪಿ, ದೀಪ ಹಾಕಿಕೊಂಡು ಇಳಿದರು. ನಾನು ಮತ್ತು ಕಚೇರಿಯ ಗೆಳತಿ ಸಬಿಹಾ ಗಣಿಯ ಬಾಯಿಯ ಹತ್ತಿರ ನಿಂತೆವು. ಒಳಗಿನಿಂದ ಹಸಿ ಮಣ್ಣು, ಮರ, ಎಣ್ಣೆ ಎಲ್ಲ ಬೆರೆತ ವಾಸನೆಯ ಗಾಳಿ ಬರುತ್ತಿತ್ತು. ಸಬಿಹಾ ಬೀದರಿನವಳು, ಬಾಯಿ ಜೋರು. ಕಾವಲುಗಾರನಿಗೆ, "ಒಳಗ ಎಲ್ಲೆಲ್ಲಿ ಏನೇನದ ಅಂತ ನಿನಗಿಂತ ನಮಗ ಗೊತ್ತದ. ನಾವ ಬರ್ದೀವಿ" ಅಂದಳು. ಅವನಿಗೆ ಕನ್ನಡ ತಿಳಿಯಲಿಲ್ಲ, ನಮ್ಮ ಕೈಗೆ ಎರಡು ಲೋಟ ಚಹಾ ಕೊಟ್ಟ. ಚಹಾ ಕುಡಿದು ವಾಪಸು ಬಂದೆವು.

ಈಗ ಬಟ್ಟೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಯಾರೂ ಅದನ್ನು ಕಂಡಿರಲಾರಿರಿ. ಟ್ರೇಸಿಂಗ್ ಬಟ್ಟೆ ಎಂದರೆ ಬಹಳ ನಯವಾದ ಹತ್ತಿ ಬಟ್ಟೆಗೆ ಗಂಜಿ ಮೆತ್ತಿ, ಇಸ್ತ್ರಿ ಮಾಡಿ, ಕಾಗದದಂತೆ ಗರಿಗರಿ ಮಾಡಿದ್ದು. ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಬ್ಬು. ಸೀಮೆಸುಣ್ಣದ ಪುಡಿ ತಿಕ್ಕಿ, ಒರೆಸಿ, ಆಮೇಲೆ ಮಸಿ. ಒಂದು ಹನಿ ಬೆವರು ಬಿದ್ದರೂ ಗಂಜಿ ಬಿಟ್ಟುಕೊಂಡು ಗುಳ್ಳೆ ಏಳುತ್ತಿತ್ತು. ತಪ್ಪಾದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು.

ಆದರೆ ಅದೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಒಗೆದರೆ ಗಂಜಿಯ ಜೊತೆ ಮಸಿಯೂ ಬಿಟ್ಟುಹೋಗಿ, ಬೆಣ್ಣೆಯಂಥ ಮೆತ್ತನೆಯ ಬಿಳಿ ಬಟ್ಟೆ ಉಳಿಯುತ್ತಿತ್ತು. ಅಂಗಡಿಯಲ್ಲಿ ಹುಡುಕಿದರೂ ಅಂಥದ್ದು ಸಿಗದು. ಹೀಗಾಗಿ ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಯಾರ ಮನೆಯಲ್ಲಾದರೂ ಕೂಸು ಹುಟ್ಟುವುದಿದ್ದರೆ, ರದ್ದಾದ ನಕಾಶೆಗಳನ್ನು ಆರಿಸಿ, ಒಗೆದು, ಎಲ್ಲರೂ ಸೇರಿ ಕೂಸಿಗೆ ಜಬಲಾ ಹೊಲಿದು ಕೊಡುವುದು. ಜಬಲಾ ಎಂದರೆ ಹಸುಗೂಸಿನ ಅಂಗಿ. ನಕಾಶೆಗಳನ್ನು ಆರಿಸುವ ಹಕ್ಕು ಮಾತ್ರ ಬಸವಂತಪ್ಪನವರದು. ನಾಚಾರಂ ಸುತ್ತಮುತ್ತ ಎಷ್ಟೋ ಮಕ್ಕಳು ಗಣಿಗಳನ್ನು ತೊಟ್ಟುಕೊಂಡೇ ಬೆಳೆದಿವೆ.

ಸಬಿಹಾ ಬಸುರಿಯಾದಾಗಲೂ ಹಾಗೆಯೇ ಮಾಡಿದೆವು. ತಗಡಿನ ಕೊಳವೆಯೊಂದರಲ್ಲಿ ಸುತ್ತಿಟ್ಟ ಒಂದು ಹಳೆಯ ನಕಾಶೆ ಇತ್ತು. ಯಾವುದೋ ಕಾಲದಲ್ಲಿ ಬಿಟ್ಟುಹೋದ ಕಲ್ಲಿದ್ದಲು ಗಣಿಯದು. ನಮ್ಮಲ್ಲಿ ಮೊದಲು ಇದ್ದ ಒಬ್ಬ ಟ್ರೇಸರ್ ಅದರ ಹೊಸ ಪ್ರತಿ ತೆಗೆದಿದ್ದ, ಕಚೇರಿಯ ದೊಡ್ಡ ಸಾಹೇಬರು ಪ್ರತಿ ಸರಿಯಾಗಿದೆಯೆಂದು ರುಜು ಹಾಕಿದ್ದರು. ಹೊಸದು ಇದೆಯಲ್ಲ ಎಂದು ಬಸವಂತಪ್ಪನವರು ಹಳೆಯದನ್ನು ಜಬಲಾಕ್ಕೆ ತೆಗೆದಿಟ್ಟರು. ಒಗೆದೆವು, ಕತ್ತರಿಸಿದೆವು, ಹೊಲಿದೆವು. ಸಬಿಹಾಳಿಗೆ ಹೆಣ್ಣುಕೂಸು ಹುಟ್ಟಿತು. ನಸ್ರೀನ್ ಎಂದು ಹೆಸರಿಟ್ಟರು.

ಕೂಸಿಗೆ ಇನ್ನೂ ಕತ್ತು ನಿಂತಿರಲಿಲ್ಲ, ಆಗ ಮಲ್ಲೇಶಂ ಬಂದರು. ಆ ಹಳೆಯ ಗಣಿಯ ಪಕ್ಕದಲ್ಲೇ ನಡೆಯುತ್ತಿದ್ದ ಹೊಸ ಗಣಿಯ ಸರ್ವೇಯರ್ ಅವರು. ಮಿತಭಾಷಿ, ತೆಲುಗಿನವರು. ಹೊಸ ಪ್ರತಿಯ ಪ್ರಿಂಟನ್ನು ಟೇಬಲ್ಲಿನ ಮೇಲೆ ಹರಡಿ ಒಂದು ಕಡೆ ಬೆರಳಿಟ್ಟರು.

"ಗೋಡ ತಡಿಗಾ ಉಂದಿ ಸಾರ್" ಅಂದರು. ಗೋಡೆ ಒದ್ದೆಯಾಗಿದೆ.

ಅವರ ಗ್ಯಾಲರಿ ಹಳೆಯ ಗಣಿಯ ಕಡೆ ಸಾಗುತ್ತಿತ್ತು. ನಮ್ಮ ನಕಾಶೆಯ ಪ್ರಕಾರ ಹಳೆಯ ಗಣಿಯ ಅಂಚು ಇನ್ನೂ ಎಷ್ಟೋ ದೂರ. ಆದರೂ ಗೋಡೆ ಬೆವರುತ್ತಿದೆ. ಅದು ಸುಮ್ಮನೆ ಮಾಡಿನಿಂದ ಇಳಿದ ತೇವವೂ ಇರಬಹುದು, ಹಳೆಯ ಗಣಿಯ ನೀರೂ ಇರಬಹುದು. ಅಂಚಿನ ಗೆರೆ ಖಾತ್ರಿಯೇ ಎಂದು ಮೂಲ ನಕಾಶೆ ನೋಡಿ ಹೇಳಬೇಕು ಎಂಬುದು ಅವರ ಬೇಡಿಕೆ. ಗಣಿಯಲ್ಲಿದ್ದ ಮೂಲದ ಜೋಡಿ ಪ್ರತಿಯನ್ನು ಗೆದ್ದಲು ತಿಂದಿತ್ತು. ಪಾಳಿ ಪಾಳಿಗೂ ಅವರ ಜನ ಆ ಗೋಡೆಯ ಮುಂದೆ ನಿಂತು ಕೆಲಸ ಮಾಡುತ್ತಿದ್ದರು. ಅವರೂ ಅಲ್ಲೇ ನಿಲ್ಲುವವರು.

ಬಸವಂತಪ್ಪನವರು ತಗಡಿನ ಕೊಳವೆಯ ಮುಚ್ಚಳ ತೆಗೆದರು. ಅದು ಖಾಲಿ ಎಂಬುದು ತೆಗೆಯುವ ಮೊದಲೇ ಅವರಿಗೆ ನೆನಪಾಗಿತ್ತು ಅನಿಸುತ್ತದೆ. ಮಲ್ಲೇಶಂ ಅವರಿಗೆ ಚಹಾ ತರಿಸಿ ಕೂರಿಸಿ, ನನ್ನನ್ನು ಕರೆದುಕೊಂಡು ಆಟೋದಲ್ಲಿ ಸಬಿಹಾಳ ಮನೆಗೆ ಹೊರಟರು.

ಸಬಿಹಾ ಬಾಗಿಲಲ್ಲಿ ನಮ್ಮನ್ನು ಕಂಡು ಕೂಸನ್ನು ನೋಡಲು ಬಂದಿದ್ದಾರೆ ಅಂದುಕೊಂಡಳು. ವಿಷಯ ಹೇಳಿದ ಮೇಲೆ ಒಳಗೆ ಹೋಗಿ, ಒಣಗಿದ್ದ, ಮಡಚಿಟ್ಟಿದ್ದ ಎಲ್ಲ ಜಬಲಾಗಳನ್ನು ತಂದು ಹಾಸಿಗೆಯ ಮೇಲೆ ಹಾಕಿದಳು. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಗೆರೆಯಿಲ್ಲ, ಅಕ್ಷರವಿಲ್ಲ. ಅಷ್ಟು ಚೆನ್ನಾಗಿ ಒಗೆದಿದ್ದೆವು.

ಕೂಸು ತೊಟ್ಟದ್ದೊಂದು ಉಳಿದಿತ್ತು. ಸಬಿಹಾ ಅದನ್ನೂ ಬಿಚ್ಚಿಕೊಟ್ಟಳು. ಅದರ ಕೆಳಗಡೆ, ಬಟ್ಟೆಯ ಮೂಲ ಅಂಚಿನ ಪಕ್ಕದಲ್ಲೇ, ಅಂಗೈಯಗಲದ ಒಂದು ಕಂದು ಕಲೆ.

"ಇದು ಹೋಗಲೇ ಇಲ್ಲ ಸರ್. ಎಷ್ಟು ತಿಕ್ಕಿದ್ರೂ ಹೋಗಲಿಲ್ಲ" ಅಂದಳು ಸಬಿಹಾ.

ತಗಡಿನ ಕೊಳವೆಯ ತುಕ್ಕು. ಮಸಿ ಹೋದರೂ ತುಕ್ಕಿನ ಕಲೆ ಹೋಗುವುದಿಲ್ಲ. ಬಸವಂತಪ್ಪನವರು ಅದನ್ನು ಹಿಡಿದು ಬಹಳ ಹೊತ್ತು ನೋಡಿದರು. ಹಳೆಯ ನಕಾಶೆಯಲ್ಲಿ ಗಣಿಯ ಅಂಚು ಬರೆದದ್ದು ಬಟ್ಟೆಯ ಇದೇ ಬದಿಯಲ್ಲಿ ಎಂಬುದು ಅವರಿಗೆ ನೆನಪಿತ್ತು. ಅಂದರೆ ಗೆರೆ ಇರಬೇಕಾದ ಜಾಗವನ್ನು ತುಕ್ಕು ಮೊದಲೇ ತಿಂದಿತ್ತು. ಪ್ರತಿ ತೆಗೆದವನು ಕಾಣದ ಗೆರೆಯನ್ನು ಆ ಕಡೆಯಿಂದ ಈ ಕಡೆಗೆ ತನ್ನ ಅಂದಾಜಿನಲ್ಲಿ ಕೂಡಿಸಿ ಇಡೀ ಗೆರೆ ಎಳೆದುಬಿಟ್ಟಿದ್ದ. ನೋಡಲು ಚಂದವಾಗಿತ್ತು, ಯಾರಿಗೂ ಸಂಶಯ ಬರಲಿಲ್ಲ.

"ನೀರು ಎಲ್ಲೈತಿ ಅಂತ ಇದು ಹೇಳೂದಿಲ್ಲ" ಅಂದರು. "ನಮಗ ಗೊತ್ತಿಲ್ಲ ಅನ್ನೂದು ಮಾತ್ರ ಗೊತ್ತಾತು."

ಕೂಸು ಬರಿಮೈಯಲ್ಲಿ ಕೈಕಾಲು ಬಡಿಯುತ್ತಿತ್ತು. ಅವರು ಜಬಲಾವನ್ನು ಸಬಿಹಾಳ ಕೈಗೇ ಕೊಟ್ಟು, ಥಂಡಿಯಾಗುತ್ತದೆ, ತೊಡಿಸು ಅಂದರು.

ಕಚೇರಿಗೆ ಬಂದು ದೊಡ್ಡ ಸಾಹೇಬರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಸಾಹೇಬರು ಮೈಸೂರಿನವರು, ಎಂದೂ ದನಿ ಎತ್ತದವರು. ಆಗಲೂ ಎತ್ತಲಿಲ್ಲ.

"ನೋಡಿ ಬಸವಂತಪ್ಪ, ಗೆರೆ ಇದೆ. ನನ್ನ ರುಜು ಇದೆ. ಈಗ ಅದು ಖಾತ್ರಿ ಇಲ್ಲ ಅಂದ್ರೆ ಅವರ ಕೆಲಸ ತಿಂಗಳುಗಟ್ಟಲೆ ಹಿಂದೆ ಬೀಳತ್ತೆ. ಇನ್ನು ನಮಗೆ ಯಾವ ಗಣಿಯವರೂ ಕೆಲಸ ಕೊಡಲ್ಲ. ಮೂಲ ನಕಾಶೆ ಒಗೆದು ಮಗುವಿಗೆ ಅಂಗಿ ಹೊಲಿಸಿದ್ವಿ ಅಂತ ಬರೆದುಕೊಡ್ತೀರಾ?"

"ಬರ್ಕೊಡ್ತೀನ್ರಿ ಸಾಹೇಬ್ರ."

"ನಿಮಗೆ ರಿಟೈರ್ಮೆಂಟ್ ಹತ್ತಿರ ಇದೆ. ಯೋಚನೆ ಮಾಡಿ."

"ಆತ್ರಿ. ಅಲ್ಲಿ ನಿಂತ ಮಂದಿಗೆ ಯೋಚನೆ ಮಾಡ್ಲಿಕ್ಕೆ ಟೈಮ್ ಸಿಗಂಗಿಲ್ರಿ."

ಹೊರಗೆ ಬಂದು ನನ್ನ ಟೇಬಲ್ಲಿನ ಮೇಲೆ ಹೊಸ ಪ್ರತಿಯನ್ನು ಹರಡಿದರು.

"ಸುಮಾ, ಬ್ಲೇಡ್ ತಗೋ. ಈ ಗೆರಿ ತುಂಡು ಮಾಡು. ನನ್ನ ಕೈಲೆ ಆಗಾಂಗಿಲ್ಲ."

ಸಾಹೇಬರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾಡು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಸಂಬಳದ ಮೇಲೆ ಮನೆ ನಡೆಯುತ್ತಿತ್ತು. ಆದರೆ ಮಲ್ಲೇಶಂ ಎದುರಿನ ಸ್ಟೂಲಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಅವರ ಉಗುರಿನ ಸಂದಿಯಲ್ಲಿ ಕಪ್ಪು ಕೂತಿತ್ತು. ನಾನು ಎಂದೂ ಕಾಣದ ಜಾಗದ ಕಪ್ಪು ಅದು. ಬ್ಲೇಡು ತೆಗೆದುಕೊಂಡೆ. ಕೆಳಗೆ ಪ್ರೆಸ್ ಧಡ್ ಅನ್ನುವುದನ್ನು ಕಾದು, ಬಿಡುವಿನಲ್ಲಿ ಒಂದೊಂದೇ ಸಂದು ಕೆರೆಯುತ್ತಾ ಹೋದೆ. ಇಡೀ ಗೆರೆ ತುಂಡು ಗೆರೆಯಾಯಿತು. ಪಕ್ಕದಲ್ಲಿ, ಅಂಚು ಖಾತ್ರಿಯಿಲ್ಲ ಎಂದು ಅಕ್ಷರ ಬರೆದೆ. ಅದರ ಕೆಳಗೆ ಬಸವಂತಪ್ಪನವರು ರುಜು ಮಾಡಿದರು.

ಮಲ್ಲೇಶಂ ಅದರ ಪ್ರಿಂಟ್ ಸುತ್ತಿಕೊಂಡು ಹೊರಟುಹೋದರು. ಆಮೇಲಿನ ದಿನಗಳಲ್ಲಿ ಬಸವಂತಪ್ಪನವರು ಊಟದ ಡಬ್ಬಿ ತೆರೆದು ಹಾಗೆಯೇ ಮುಚ್ಚುತ್ತಿದ್ದರು. ಅಲ್ಲಿ ನೀರೇ ಇಲ್ಲದಿದ್ದರೆ ಎಲ್ಲರೂ ಸೇರಿ ಅವರನ್ನೇ ನೋಡಿ ನಗುತ್ತಿದ್ದರು, ಬೈಯುತ್ತಿದ್ದರು. ಇದು ಅವರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಮಲ್ಲೇಶಂ ಮತ್ತೆ ಬಂದರು. ಕೂತು, ನೀರು ಕುಡಿದು, ನಿಧಾನವಾಗಿ ಹೇಳಿದರು. ಗ್ಯಾಲರಿಯನ್ನು ನಿಲ್ಲಿಸಿ, ಗೋಡೆಗೆ ಉದ್ದನೆಯ ತೂತು ಕೊರೆಯುತ್ತಿದ್ದರಂತೆ. ನಮ್ಮ ಹಳೆಯ ಇಡೀ ಗೆರೆ ತೋರಿಸಿದ್ದಕ್ಕಿಂತ ಬಹಳ ಈಚೆಗೇ ಕೊರೆಯುವ ಸಲಾಕೆ ಒಮ್ಮೆಲೇ ಮುಂದಕ್ಕೆ ಜಾರಿತು, ಹಿಂದೆಯೇ ಕಪ್ಪು ನೀರು ಚಿಮ್ಮಿತು. ಸಿದ್ಧವಾಗಿಟ್ಟುಕೊಂಡಿದ್ದ ಮರದ ಬೆಣೆ ಜಡಿದು ನಿಲ್ಲಿಸಿದರು. ಎಲ್ಲರೂ ನಡೆದುಕೊಂಡೇ ಹೊರಗೆ ಬಂದರು. ಆ ಗೋಡೆಯನ್ನು ಬ್ಯಾರಿಯರ್ ಎಂದು ಬಿಟ್ಟು, ಗ್ಯಾಲರಿಯನ್ನು ಬೇರೆ ಕಡೆ ತಿರುಗಿಸಿದರು.

ಬಸವಂತಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಲ್ಲೇಶಂ ಕೇಳಿದ್ದು ಒಂದೇ: ಆ ಅಂಗಿಯನ್ನು ನೋಡಬಹುದೇ? ಮತ್ತೆ ಆಟೋ ಮಾಡಿಕೊಂಡು ಹೋದೆವು. ಸಬಿಹಾ ಅಂಗಿ ತೋರಿಸುವ ಬದಲು ಅಂಗಿ ತೊಟ್ಟ ಕೂಸನ್ನೇ ಅವರ ತೊಡೆಯ ಮೇಲಿಟ್ಟಳು. ಅವರು ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಕೂಸು ಆ ಹೆಬ್ಬೆರಳನ್ನೇ ಹಿಡಿದುಕೊಂಡಿತು.

ಬಸವಂತಪ್ಪನವರು ನಿವೃತ್ತರಾದ ದಿನ ಸಾಹೇಬರು ಹಾರ ಹಾಕಿ ತಮ್ಮ ಕೋಣೆಗೆ ಹೋದರು. ಆದರೆ ಬಸವಂತಪ್ಪನವರು ಮೆಟ್ಟಿಲಿಳಿಯುವಾಗ ಸಾಹೇಬರೇ ಕೊಡೆ ಹಿಡಿದುಕೊಂಡು ಕೆಳಗಿನವರೆಗೂ ಹೋದರು. ಮಳೆ ಇರಲಿಲ್ಲ, ಬಿಸಿಲಿತ್ತು. ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಅವರನ್ನು ಕೆಟ್ಟವರೆಂದು ನಾನು ಎಂದೂ ಅಂದುಕೊಂಡಿಲ್ಲ. ತಮ್ಮ ರುಜುವನ್ನು ಅನುಮಾನಿಸುವುದು ಯಾರಿಗೂ ಕಷ್ಟವೇ.

ಆಮೇಲೆ ಬಟ್ಟೆ ಹೋಗಿ ಪ್ಲಾಸ್ಟಿಕ್ ಹಾಳೆ ಬಂತು. ಹರಿಯುವುದಿಲ್ಲ, ನೀರು ತಾಗಿದರೂ ಏನೂ ಆಗುವುದಿಲ್ಲ, ಅದರಲ್ಲಿ ಯಾವ ಕೂಸಿಗೂ ಅಂಗಿ ಹೊಲಿಯಲಾಗದು. ಆಮೇಲೆ ಕಂಪ್ಯೂಟರು ಬಂತು. ನಾನೂ ಕಲಿತೆ, ಗೊಣಗುತ್ತಲೇ ಕಲಿತೆ. ಪ್ರಮೋಷನ್ನು ಗಿಮೋಷನ್ನು ಬಂದವು, ಅವು ಇಲ್ಲಿ ಬೇಡ. ಕಾನೂನು ಬದಲಾಗಿ ಹೆಂಗಸರೂ ಗಣಿಯೊಳಗೆ ಕೆಲಸ ಮಾಡಬಹುದು ಎಂದಾಗ ನನಗೆ ನಿವೃತ್ತಿಯಾಗಿತ್ತು, ಮಂಡಿ ನೋವೂ ಹಿಡಿದಿತ್ತು. ಪೇಪರಿನಲ್ಲಿ ಓದಿ ಒಂದು ದಿನ ಸಿಟ್ಟು ಮಾಡಿಕೊಂಡು ಕೂತೆ.

ಸಬಿಹಾಳ ಮಗಳು ನಸ್ರೀನ್ ಈಗ ಗಣಿ ಸರ್ವೇಯರ್. ನನ್ನನ್ನು ಖಾಲಾ ಅನ್ನುತ್ತಾಳೆ, ಚಿಕ್ಕಮ್ಮ ಎಂದು. ಓದುವಾಗ ನನ್ನ ಹತ್ತಿರ ಬಂದು ಡಿಪ್, ಸ್ಟ್ರೈಕ್ ಕೇಳಿದ್ದಳು. ನಾನೂ ಬಕೀಟು ತಂದಿದ್ದೆ. ಕಳೆದ ಭಾನುವಾರ ಉಪ್ಪಲ್‌ನಲ್ಲಿ ಮೆಟ್ರೋ ಇಳಿದು ನೇರ ನಮ್ಮ ಮನೆಗೆ ಬಂದಳು. ಹೊಸ ಜಾಗಕ್ಕೆ ಬದಲಿ ಮಾಡಿದ್ದಾರೆ ಅಂದಳು. ಯಾವ ಗಣಿ ಎಂದು ಹೇಳಿದಾಗ ನನ್ನ ಕೈಲಿದ್ದ ಬಟ್ಟಲನ್ನು ಕೆಳಗಿಟ್ಟೆ.

"ಆ ಗ್ವಾಡಿ ಇನ್ನೂ ಐತೇನ?"

"ಅದ ಖಾಲಾ. ನಿನ್ನೆ ಹತ್ತಿರ ಹೋಗಿದ್ದೆ. ಥಂಡಿ ಅದ, ಒದ್ದಿ ಅದ. ಕೈ ಇಟ್ರ ಆ ಕಡಿ ಏನೋ ನಿಂತದ ಅನ್ನಸ್ತದ."

"ನಕಾಶೆದಾಗ ಹೆಂಗ ಐತಿ?"

ಅವಳು ಫೋನು ತೆಗೆಯಲಿಲ್ಲ, ಬೆರಳಿನಿಂದ ಟೇಬಲ್ಲಿನ ಮೇಲೆ ಬಿಟ್ಟು ಬಿಟ್ಟು ಗೆರೆ ಎಳೆದಳು. "ಹಿಂಗ. ತುಂಡು ತುಂಡು. ಎಲ್ಲಾ ಕಂಪ್ಯೂಟರಿಗೆ ಹಾಕ್ಯಾರ, ಆದ್ರ ಇದನ್ನ ಯಾರೂ ಕೂಡ್ಸಿಲ್ಲ."

ಅವಳು ಎಳೆದ ಆ ಗೆರೆಯ ಮೇಲೆ ನಾನೂ ಬೆರಳಾಡಿಸಿದೆ. ಆಮೇಲೆ ಕೇಳಿದೆ:

"ಯಾವ ಕೈಲೆ ಮುಟ್ಟಿದಿ?"

ನಸ್ರೀನ್ ಬಲಗೈ ಚಾಚಿದಳು. ನಾನು ಅದನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ, ಒಲೆಯ ಮೇಲೆ ಚಹಾ ಉಕ್ಕುವವರೆಗೂ ಬಿಡಲಿಲ್ಲ.